ನೆಲ ನಿಜವಾಗಿಯೂ ಡೊಂಕಾಗಿತ್ತು!



'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' – ಈ ಗಾದೆಯನ್ನು ಅಜ್ಜಿಯ ಬಾಯಿಂದಲೋ ಅಮ್ಮನ ಬಾಯಿಂದಲೋ ನೀವು ಕೇಳಿಯೇ ಇರುತ್ತೀರಿ. ಅಂಕ ಕಡಿಮೆ ಬಂದಾಗ 'ಪೇಪರ್ ಕಷ್ಟ ಇತ್ತು' ಎಂದರೆ ಸಾಕು, ಹಿರಿಯರು ಈ ಗಾದೆಯನ್ನು ತೆಗೆದು ಮುಂದಿಡುತ್ತಿದ್ದರು. ನೆಪ ಹೇಳಬಾರದು ಎಂಬ ಪಾಠ ನಮ್ಮ ಮನೆಗಳಲ್ಲಿ ಬೆಳೆದವರಿಗೆ ಚಿಕ್ಕಂದಿನಿಂದಲೇ ಸಿಕ್ಕಿರುತ್ತದೆ. ಒಳ್ಳೆಯ ಪಾಠವೇ ಸರಿ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಆಗ ಏನು ಹೇಳಬೇಕು, ಹೇಗೆ ಹೇಳಬೇಕು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ಡೊಂಬಿವಲಿಯಲ್ಲಿ ನಮ್ಮದೇ ಕಟ್ಟಡದ ಒಬ್ಬ ಹುಡುಗಿ. ಈಚೆಗೆ ಒಂದು ಸಂಜೆ ದಪ್ಪನೆಯ ಕಾಗದದ ಕಟ್ಟು ಹಿಡಿದುಕೊಂಡು ಬಂದಳು. ಅವಳ ಪಿಎಚ್.ಡಿ. ಮಹಾಪ್ರಬಂಧದ ಕರಡು ಅದು. ವಿಷಯ, ವಾಶಿಯ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಬದುಕು. 1969ರ ಮಾಥಾಡಿ ಕಾನೂನು ಅವರಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದು ಅವಳ ಹುಡುಕಾಟ. 2018ರಲ್ಲಿ ನೋಂದಣಿ. 2019ರಲ್ಲಿ ಕ್ಷೇತ್ರಕಾರ್ಯದ ಆರಂಭ. ಅರವತ್ತು ಜನರನ್ನು ಮಾತನಾಡಿಸಬೇಕೆಂಬ ಯೋಜನೆಯಲ್ಲಿ ಇಪ್ಪತ್ತೆರಡು ಮಂದಿ ಮುಗಿದಿದ್ದರು.

2020ರ ಮಾರ್ಚ್‌ನಲ್ಲಿ ಯುಗಾದಿಗೆಂದು ತಂದೆ ತಾಯಿಯ ಜೊತೆ ಧಾರವಾಡದ ಕಡೆಯ ಹಳ್ಳಿಗೆ ಹೋದಳು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶದ ಲಾಕ್‌ಡೌನ್ ಶುರುವಾದದ್ದೂ ಅದೇ ದಿನ. ಬೇವು ಬೆಲ್ಲ ತಿಂದು ನಾಲ್ಕು ದಿನಕ್ಕೆ ವಾಪಸು ಬರಬೇಕಾದವಳು ಬಂದದ್ದು ಆಗಸ್ಟ್ ಕೊನೆಗೆ. ಟಿಪ್ಪಣಿ ಪುಸ್ತಕಗಳೆಲ್ಲ ಡೊಂಬಿವಲಿಯ ಕಪಾಟಿನಲ್ಲಿ. ಅವಳು ಮಾತ್ರ ಊರಿನ ಜಗಲಿಯಲ್ಲಿ. ಬಂದ ಮೇಲೆ ಇಪ್ಪತ್ತೈದು ಕಾರ್ಮಿಕರನ್ನು ಫೋನಿನಲ್ಲೇ ಮಾತನಾಡಿಸಿದಳು. ಉಳಿದ ಹದಿಮೂರು ಜನ ಸಿಗಲೇ ಇಲ್ಲ. ಕೆಲವರು ಸಾತಾರ, ಸಾಂಗ್ಲಿ ಕಡೆಗೆ ಹೊರಟುಹೋಗಿದ್ದರು, ಕೆಲವರ ನಂಬರು ಬಂದಾಗಿತ್ತು.

ಆದರೆ ಕರಡಿನಲ್ಲಿ ಇದಾವುದೂ ಇರಲಿಲ್ಲ! 'ನಲವತ್ತೇಳು ಕಾರ್ಮಿಕರನ್ನು ಸಂದರ್ಶಿಸಲಾಯಿತು' ಎಂಬ ಒಂದೇ ವಾಕ್ಯ.

"ಇದೇನಮ್ಮ, ಅರ್ಧಕ್ಕಿಂತ ಹೆಚ್ಚು ಜನರ ಜೊತೆ ಫೋನಿನಲ್ಲಿ ಮಾತಾಡಿದ್ದು ಅಂತ ಎಲ್ಲೂ ಬರೆದೇ ಇಲ್ಲವಲ್ಲ?" ಎಂದೆ.

"ಅಂಕಲ್, ಅದನ್ನೆಲ್ಲ ಬರೆದರೆ ನೆಪ ಹೇಳಿದ ಹಾಗಾಗುತ್ತದೆ. ಕೋವಿಡ್ ಎಲ್ಲರಿಗೂ ಇತ್ತಲ್ಲ, ನಿನಗೊಬ್ಬಳಿಗೇ ಏನು ಅಂತ ಕೇಳಿದರೆ?" ಎಂದಳು. ಫೆಲೋಶಿಪ್‌ನ ಐದು ವರ್ಷ ಎಂದೋ ಮುಗಿದಿತ್ತು. ಮಹಿಳೆಯರಿಗೆ ಸಿಗುವ ಎರಡು ವರ್ಷದ ವಿನಾಯಿತಿಯ ಕೊನೆಯ ಹಂತದಲ್ಲಿ, ಟ್ಯೂಷನ್ ಹೇಳಿಕೊಂಡು ಬರವಣಿಗೆ ಮುಗಿಸುತ್ತಿದ್ದಳು. ಅವಳ ಭಯ ನನಗೆ ಅರ್ಥವಾಯಿತು. ನಿಮ್ಮಲ್ಲಿಯೂ ಕೆಲವರು ಇದೇ ಸ್ಥಿತಿಯಲ್ಲಿ ಇರಬಹುದು. ಅದಕ್ಕಾಗಿಯೇ ಈ ಲೇಖನ.

ನೆಪ ಬೇರೆ, ವಿವರಣೆ ಬೇರೆ

ನೆಪ ಎಂದರೆ ಕೆಲಸ ಮಾಡದಿರುವುದಕ್ಕೆ ಕೊಡುವ ಕಾರಣ. ವಿವರಣೆ ಎಂದರೆ ಮಾಡಿದ ಕೆಲಸ ಹೀಗೇಕೆ ಆಯಿತು ಎಂಬುದರ ಲೆಕ್ಕ. ಪರೀಕ್ಷಕರಿಗೆ ನಿಮ್ಮ ಕಷ್ಟ ಅಳೆಯಬೇಕಾಗಿಲ್ಲ. ನಿಮ್ಮ ತೀರ್ಮಾನಗಳನ್ನು ಎಷ್ಟು ನಂಬಬಹುದು ಎಂಬುದನ್ನು ಅಳೆಯಬೇಕಾಗಿದೆ. ಮಾಲೀಕನ ಆಳು ಪಕ್ಕದಲ್ಲಿ ನಿಂತಿರುವಾಗ ಫೋನಿನಲ್ಲಿ ಕೂಲಿಯ ವಿಷಯ ಕೇಳಿದರೆ ಒಂದು ಉತ್ತರ ಬರುತ್ತದೆ, ಚಹಾದ ಗಾಡಿಯ ಬಳಿ ಕುಳಿತು ಕೇಳಿದರೆ ಇನ್ನೊಂದು. ಇದನ್ನು ಮುಚ್ಚಿಟ್ಟರೆ ಅದು ವಿನಯವಲ್ಲ, ಓದುಗರಿಗೆ ಮಾಡುವ ಮೋಸ. ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಗೆ ಅದು ಬಯಲಾದರೆ, ಪ್ರಾಮಾಣಿಕವಾಗಿ ಮಾಡಿದ ಕೆಲಸದ ಮೇಲೂ ಅನುಮಾನ ಬೀಳುತ್ತದೆ.

'ಪ್ಲೇಗ್ ಬಂದಾಗ ನ್ಯೂಟನ್ ಮನೆಯಲ್ಲೇ ಕುಳಿತು ಮಹಾ ಸಂಶೋಧನೆ ಮಾಡಲಿಲ್ಲವೇ' ಎಂದು ಲಾಕ್‌ಡೌನ್ ದಿನಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ನಿಜ, 1665ರಲ್ಲಿ ಕೇಂಬ್ರಿಜ್ ಮುಚ್ಚಿದಾಗ ಅವರು ವೂಲ್ಸ್‌ಥಾರ್ಪ್‌ನ ಮನೆಗೆ ಹೋದರು. ಆದರೆ ಅವರು ಕಲ್ಯಾಣ್ ಲೋಕಲ್ ಹಿಡಿದು ಹಮಾಲರನ್ನು ಹುಡುಕಬೇಕಾಗಿರಲಿಲ್ಲ! ಕಾಗದ, ಲೇಖನಿ, ಗಣಿತ ಸಾಕಾದವರ ಉದಾಹರಣೆ ಪ್ರಯೋಗಾಲಯ, ದಫ್ತರ, ಸಂತೆ ಬೇಕಾದವರಿಗೆ ಹೊಂದುವುದಿಲ್ಲ.

ತಾರೀಖು ಮಾತಾಡಲಿ

ಹಾಗಾದರೆ ಹೇಗೆ ಬರೆಯುವುದು? ಮೊದಲ ಸೂತ್ರ: ವಿಶೇಷಣ ಬಿಡಿ, ತಾರೀಖು ಕೊಡಿ. 'ಭೀಕರ ಮಹಾಮಾರಿಯ ಕರಾಳ ದಿನಗಳಲ್ಲಿ' ಎಂದು ಶುರುಮಾಡಿದರೆ ಪರೀಕ್ಷಕರು ಪುಟ ತಿರುವುತ್ತಾರೆ. ತಾರೀಖನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ಭಾಗದವರಿಗೆ ಲೋಕಲ್ ಗಾಡಿಯ ತಾರೀಖುಗಳೇ ದೊಡ್ಡ ಸಾಕ್ಷಿ. 2020ರ ಮಾರ್ಚ್ 22ರ ನಡುರಾತ್ರಿ ಲೋಕಲ್‌ಗಳು ನಿಂತವು. ಜೂನ್ 15ರಿಂದ ಅತ್ಯಗತ್ಯ ಸೇವೆಯವರಿಗೆ ಮಾತ್ರ ಓಡಿದವು. ಜುಲೈ ಆರಂಭದಲ್ಲಿ ಥಾಣೆ, ಕಲ್ಯಾಣ್–ಡೊಂಬಿವಲಿ, ನವಿ ಮುಂಬಯಿ ಪಾಲಿಕೆಗಳು ಮತ್ತೆ ಲಾಕ್‌ಡೌನ್ ಹಾಕಿದವು. ಮಹಿಳೆಯರಿಗೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 21ರಿಂದ, ಅದೂ ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ. ಎಲ್ಲರಿಗೂ ಬಾಗಿಲು ತೆರೆದದ್ದು 2021ರ ಫೆಬ್ರವರಿ 1ರಂದು: ಬೆಳಿಗ್ಗೆ 7ರವರೆಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ನಂತರ. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಪುನಃ ನಿರ್ಬಂಧ. ಆಗಸ್ಟ್ 15ರಿಂದ ಎರಡು ಡೋಸ್ ಲಸಿಕೆ ಪಡೆದು 14 ದಿನ ಕಳೆದವರಿಗೆ ಪ್ರವೇಶ.

ಈ ಫೆಬ್ರವರಿಯ ವೇಳಾಪಟ್ಟಿಯನ್ನೇ ನೋಡಿ. ಮಧ್ಯಾಹ್ನ 12ಕ್ಕೆ ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಒಂದು ಗಂಟೆಗೂ ಮಿಕ್ಕ ಪ್ರಯಾಣ ಮಾಡಿ ಕೋಟೆ ಭಾಗದ ಗ್ರಂಥಾಲಯ ಸೇರಿ, 4ರೊಳಗೆ ಮತ್ತೆ ಗಾಡಿ ಹಿಡಿಯಬೇಕು. ಓದಲು ಸಿಗುವುದು ಮೂರು ಗಂಟೆಯೂ ಇಲ್ಲ! 'ಗ್ರಂಥಾಲಯಕ್ಕೆ ಹೋಗಲು ಕಷ್ಟವಾಯಿತು' ಎನ್ನುವುದಕ್ಕಿಂತ ಈ ಲೆಕ್ಕ ಎಷ್ಟೋ ಮಿಗಿಲು.

ನಾಲ್ಕು ವಾಕ್ಯ ಸಾಕು

ಎರಡನೆಯ ಸೂತ್ರ: ನಿಮಗೆ ಏನಾಯಿತು ಎಂಬುದಕ್ಕಿಂತ ಸಂಶೋಧನೆಗೆ ಏನಾಯಿತು ಎಂಬುದನ್ನು ಹೇಳಿ. ಯೋಜನೆ ಏನಿತ್ತು, ಯಾವಾಗ ಏನು ನಿಂತಿತು, ಅದರ ಬದಲು ಏನು ಮಾಡಿದಿರಿ, ಇದರಿಂದ ತೀರ್ಮಾನಕ್ಕೆ ಬಂದ ಮಿತಿ ಏನು – ಈ ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ಸಾಕು. ನಮ್ಮ ಹುಡುಗಿ ಕೊನೆಗೆ ಬರೆದದ್ದು ಹೆಚ್ಚುಕಡಿಮೆ ಹೀಗೆ:

'ಅರವತ್ತು ಕಾರ್ಮಿಕರನ್ನು ಮಾರುಕಟ್ಟೆಯಲ್ಲೇ ಭೇಟಿಯಾಗುವ ಉದ್ದೇಶವಿತ್ತು. 2020ರ ಮಾರ್ಚ್‌ವರೆಗೆ ಇಪ್ಪತ್ತೆರಡು ಭೇಟಿಗಳು ನಡೆದವು. ಲಾಕ್‌ಡೌನ್‌ನಿಂದ ಪ್ರಯಾಣ ನಿಂತಿತು. 2020ರ ಮೇ 11ರಿಂದ 17ರವರೆಗೆ ಮಾರುಕಟ್ಟೆಯೂ ಮುಚ್ಚಿತ್ತು. ಬಳಿಕ ಇಪ್ಪತ್ತೈದು ಮಂದಿಯನ್ನು ಫೋನಿನಲ್ಲಿ ಮಾತನಾಡಿಸಿ, ಅವರಲ್ಲಿ ಎಂಟು ಮಂದಿಯನ್ನು 2022ರಲ್ಲಿ ಮುಖತಃ ಕಂಡಾಗ ಮೂವರು ಕೂಲಿಯ ಬಗ್ಗೆ ಬೇರೆ ಉತ್ತರ ಕೊಟ್ಟರು. ಆದ್ದರಿಂದ ಕೂಲಿಯ ಕುರಿತ ಅಧ್ಯಾಯದಲ್ಲಿ ಫೋನಿನ ಉತ್ತರಗಳನ್ನು ಪ್ರತ್ಯೇಕವಾಗಿ ತೋರಿಸಲಾಗಿದೆ. ಫೋನಿಲ್ಲದ ಹಿರಿಯ ಕಾರ್ಮಿಕರ ಮಾತು ಇಲ್ಲಿ ಕಡಿಮೆ.'

ಗಮನಿಸಿದಿರಾ? ಅಳು ಇಲ್ಲ, ಕ್ಷಮೆ ಇಲ್ಲ. ಆ ಎಂಟು ಮರುಭೇಟಿಗಳ ಸಂಗತಿ ಮೊದಲ ಕರಡಿನಲ್ಲಿ ಇರಲೇ ಇಲ್ಲ. ಡೊಂಕು ನೆಲವನ್ನು ಮುಚ್ಚಿಡುವ ಭರದಲ್ಲಿ ತನ್ನ ಒಳ್ಳೆಯ ಹೆಜ್ಜೆಯನ್ನೂ ಮುಚ್ಚಿಟ್ಟಿದ್ದಳು!

ಪ್ರಯೋಗಾಲಯದವರೂ ಹೀಗೆಯೇ ಬರೆಯಬಹುದು: ಯಾವ ತಿಂಗಳು ಲ್ಯಾಬ್ ಮುಚ್ಚಿತ್ತು, ಯಾವ ಮಾದರಿ ಹಾಳಾಯಿತು, ಯಾವ ಪ್ರಯೋಗದ ಬದಲು ಕಂಪ್ಯೂಟರ್ ಲೆಕ್ಕಾಚಾರಕ್ಕೆ ಹೋದಿರಿ. ಜನಸಂಖ್ಯೆಯ ಅಂಕಿ ಬಳಸುವವರು ಒಂದು ಮಾತು ಸೇರಿಸಿ. 2021ರ ಜನಗಣತಿ ಕೋವಿಡ್‌ನಿಂದ ಮುಂದೂಡಲ್ಪಟ್ಟಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಹೊಸ ಗಣತಿಯ ಅಧಿಸೂಚನೆ ಬಂದದ್ದು 2025ರ ಜೂನ್‌ನಲ್ಲಿ. 2011ರ ಗಣತಿಯಲ್ಲಿ ಥಾಣೆ ಜಿಲ್ಲೆಯ ಜನಸಂಖ್ಯೆ 1 ಕೋಟಿ 10 ಲಕ್ಷ ಮೀರಿತ್ತು. ಆದರೆ ಅದು 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆಯಾಗುವ ಮೊದಲಿನ ಜಿಲ್ಲೆ. ಸರಕಾರದ ಗಣತಿಯೇ ನಿಂತ ಕಾಲದಲ್ಲಿ ನಿಮ್ಮ ಸಂದರ್ಶನ ನಿಂತದ್ದರಲ್ಲಿ ನಾಚಿಕೆ ಏನಿದೆ?

ಎಲ್ಲಿ ಏನು ಬರೆಯಬೇಕು

ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಬದಲಾವಣೆಯ ವಿವರ, 'ಮಿತಿಗಳು' ಭಾಗದಲ್ಲಿ ಅದರ ಪರಿಣಾಮ, ಪ್ರಸ್ತಾವನೆಯಲ್ಲಿ ಬೇಕಿದ್ದರೆ ಒಂದು ಸಾಲು. ಬ್ರಿಟನ್, ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಕೋವಿಡ್ ಪರಿಣಾಮದ ಹೇಳಿಕೆಯೆಂದು ಪ್ರತ್ಯೇಕ ಪುಟವನ್ನೇ ಸೇರಿಸುವ ಅವಕಾಶ ಕೊಟ್ಟರು. ನಿಮ್ಮಲ್ಲಿ ಅಂಥ ಪದ್ಧತಿ ಇದೆಯೇ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿ.

ತಡವಾದುದಕ್ಕೆ ಕಾರಣ ಕೊಡುವುದು ಬೇರೆ ಕೆಲಸ. ಅದು ಕಚೇರಿಗೆ ಸಲ್ಲಿಸುವ ಅರ್ಜಿಯಲ್ಲಿರಲಿ. ಯು.ಜಿ.ಸಿ. 2020ರ ಏಪ್ರಿಲ್‌ನಲ್ಲಿ ಆರು ತಿಂಗಳ ವಿಸ್ತರಣೆಗೆ ಅವಕಾಶ ಕೊಟ್ಟು, ಬಳಿಕ ಅವಧಿಯನ್ನು 2021ರ ಜೂನ್ 30, ಡಿಸೆಂಬರ್ 31, ಕೊನೆಗೆ 2022ರ ಜೂನ್ 30ರವರೆಗೆ ಒಯ್ದಿತು. ಫೆಲೋಶಿಪ್ ಮಾತ್ರ ಐದೇ ವರ್ಷ. ಸಮಯ ಸಿಕ್ಕಿತು, ಹಣ ಸಿಗಲಿಲ್ಲ. ನೀವು ಯಾವ ವರ್ಷದ ನಿಯಮಕ್ಕೆ ಒಳಪಡುತ್ತೀರಿ ಎಂಬುದನ್ನು ಬರಹದಲ್ಲಿ ಪಡೆದು, ಪ್ರತಿ ಪತ್ರದ ನಕಲು ಇಟ್ಟುಕೊಳ್ಳಿ.

ಮನೆಯಲ್ಲಿ ಕಾಯಿಲೆ, ಸಾವು ಆದವರಿಗೆ ಒಂದು ಮಾತು. ಪ್ರಮಾಣಪತ್ರಗಳನ್ನು ಕಚೇರಿಗೆ ಕೊಡಿ. ಪ್ರಬಂಧದಲ್ಲಿ 'ಕುಟುಂಬದ ಅನಾರೋಗ್ಯದ ಕಾರಣ' ಎಂದರೆ ಸಾಕು. ಮಹಾಪ್ರಬಂಧಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ, ಜಗತ್ತಿನ ಯಾರು ಬೇಕಾದರೂ ಓದಬಹುದು. ತಂದೆಯ ಆಸ್ಪತ್ರೆಯ ದಿನಗಳು ಅಲ್ಲಿ ಇರಬೇಕಾಗಿಲ್ಲ. ಅಗಲಿದವರ ಹೆಸರಿಗೆ ಅರ್ಪಣೆಯ ಪುಟವಿದೆ. ಅಲ್ಲಿ ಮನಸ್ಸು ಬಿಚ್ಚಿ ಬರೆಯಿರಿ.

ಕೊನೆಗೊಂದು ಮಾತು. ಮುಂದೆ ಐವತ್ತು ವರ್ಷದ ಮೇಲೆ ಯಾರೋ ಒಬ್ಬರು ನಮ್ಮ ಈ ಊರುಗಳ ಬಗ್ಗೆ ಓದಲು ಹೊರಟಾಗ, 2020ರಲ್ಲಿ ಇಲ್ಲಿ ಏನು ನಿಂತಿತ್ತು, ಯಾರ ಮಾತು ಕೇಳಿಸಲಿಲ್ಲ ಎಂಬುದನ್ನು ನಿಮ್ಮ ಆ ನಾಲ್ಕು ವಾಕ್ಯಗಳೇ ಅವರಿಗೆ ತಿಳಿಸುತ್ತವೆ. ಹುಡುಗಿ ಪ್ರಬಂಧ ಸಲ್ಲಿಸಿ ಬಂದು ಪೇಢೆ ಕೊಟ್ಟು ಹೋದಳು, ಧಾರವಾಡದ್ದೇ! ಮೌಖಿಕ ಪರೀಕ್ಷೆ ಇನ್ನೂ ಬಾಕಿ ಇದೆ. "ಕೇಳಲಿ ಅಂಕಲ್, ಎಲ್ಲವನ್ನೂ ಬರೆದಿದ್ದೇನಲ್ಲ" ಎಂದಳು.

ನೆಲ ಡೊಂಕಾಗಿತ್ತು ಎಂದು ಧೈರ್ಯವಾಗಿ ಹೇಳಿ. ಎಷ್ಟು ಡೊಂಕಾಗಿತ್ತು ಎಂದು ಅಳೆದು ಹೇಳಿ. ಅದರ ಮೇಲೆಯೇ ಹೇಗೆ ಕುಣಿದಿರಿ ಎಂಬುದನ್ನೂ ಮರೆಯದೆ ಹೇಳಿ. ನಿಮಗೆಲ್ಲ ಶುಭವಾಗಲಿ.