ಉಪಗ್ರಹ ಕಂಡಿದ್ದೆಷ್ಟು, ಗೆರೆ ಎಳೆದವರು ಯಾರು?

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಕಳಸದ ದಾರಿ ಹಿಡಿದರೆ ಸಿಗುವ ಬಾಳೂರು ಸೀಮೆಯಲ್ಲಿ ಕಾಫಿ ರೇಟು, ಮಳೆಯ ಇಂಚು, ಆನೆ ಕಾಟ ಮುಗಿದ ಮೇಲೆ ಮಾತು ಹೊರಳುವುದು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಕಡೆಗೆ. ಅದು ಸರ್ಕಾರದ ಕೈ ಸೇರಿದ್ದು 2013ರ ಏಪ್ರಿಲ್‌ನಲ್ಲಿ. ಅಂದಿನಿಂದ ಅದರ ಹೆಸರಿನಲ್ಲಿ ಬಂದ್ ಆಗಿದೆ, ಚುನಾವಣೆ ನಡೆದಿದೆ, ಮದುವೆ ಮನೆಯ ಊಟದ ಸಾಲಿನಲ್ಲಿ ಜಗಳವೂ ಆಗಿದೆ. ವರದಿ ಓದಿದವರು ಕಡಿಮೆ. ಓದದಿರುವುದು ತಪ್ಪೇನಲ್ಲ, ಇಂಗ್ಲಿಷಿನ ದಪ್ಪ ಪುಸ್ತಕ, ಜೊತೆಗೆ ಸಾವಿರಾರು ಊರಿನ ಹೆಸರುಗಳ ಪಟ್ಟಿ. ಆದರೆ ಓದದವರಲ್ಲಿ ಪರವಾಗಿ ಕೂಗುವವರೂ ಇದ್ದಾರೆ, ವಿರುದ್ಧ ಕೂಗುವವರೂ ಇದ್ದಾರೆ. ಹಾಗಾಗಿ ಎರಡೂ ಕಡೆಯ ನಂಬಿಕೆಗಳನ್ನು ಒಂದಿಷ್ಟು ಬಿಡಿಸಿ ನೋಡಬೇಕಾಗಿದೆ.

“ಅದು ಇಸ್ರೋ ಮಾಡಿದ ವರದಿ”

ಅಲ್ಲ. ಕೆ. ಕಸ್ತೂರಿರಂಗನ್ 1994ರಿಂದ 2003ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದದ್ದು ನಿಜ. ಭಾಸ್ಕರ ಉಪಗ್ರಹಗಳ ಯೋಜನೆಯನ್ನು ನಡೆಸಿದವರೂ ಅವರೇ. ಆದರೆ ವರದಿ ಬರೆದ ಸಮಿತಿಯನ್ನು 2012ರಲ್ಲಿ ನೇಮಿಸಿದ್ದು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ. ಆ ಹೊತ್ತಿಗೆ ಅವರು ಯೋಜನಾ ಆಯೋಗದ ಸದಸ್ಯರು. ಉಪಗ್ರಹ ಚಿತ್ರಗಳನ್ನು ಹೆಚ್ಚಾಗಿ ನೆಚ್ಚಿಕೊಂಡ ವರದಿಗೆ ಹಳೆಯ ಇಸ್ರೋ ಅಧ್ಯಕ್ಷರ ಹೆಸರು ಅಂಟಿಕೊಂಡಿದ್ದರಿಂದ ಬಾಹ್ಯಾಕಾಶದವರೇ ಬಂದು ನಮ್ಮ ತೋಟ ಅಳೆದರು ಎಂಬ ಮಾತು ಹುಟ್ಟಿತು.

ಗಾಡ್ಗೀಳ್ ವರದಿಯೂ ಇದೂ ಒಂದೇ ಎನ್ನುವವರಿಗೂ ಇಲ್ಲೇ ಒಂದು ಮಾತು. ಮಾಧವ ಗಾಡ್ಗೀಳ್ ನೇತೃತ್ವದ ತಂಡ 2011ರಲ್ಲಿ ಪಶ್ಚಿಮಘಟ್ಟದ ಸುಮಾರು 1,29,000 ಚದರ ಕಿಲೋಮೀಟರ್‌ ಪೂರ್ತಿಯನ್ನೂ ಸೂಕ್ಷ್ಮ ಎಂದು ಕರೆದು ಮೂರು ದರ್ಜೆಯಾಗಿ ವಿಂಗಡಿಸಿತ್ತು. ಕೊನೆಯ ತೀರ್ಮಾನವನ್ನು ಗ್ರಾಮಸಭೆಗಳಿಂದ ಮೇಲಕ್ಕೆ ಒಯ್ಯಬೇಕು ಎಂದಿತ್ತು. ಕಸ್ತೂರಿರಂಗನ್ ಸಮಿತಿ ಘಟ್ಟದ ಎಲ್ಲೆಯನ್ನು 1,64,280 ಚದರ ಕಿಲೋಮೀಟರಿಗೆ ಹಿಗ್ಗಿಸಿ, ಅದರಲ್ಲಿ ಸುಮಾರು ಶೇ 37ರಷ್ಟನ್ನು ಮಾತ್ರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಮೊದಲನೆಯದು ಕಠಿಣ, ಆದರೆ ಊರಿನವರ ಮಾತಿಗೆ ಅಲ್ಲಿ ಜಾಗವಿತ್ತು. ಎರಡನೆಯದು ಸಡಿಲ, ಆದರೆ ಪಟ್ಟಿ ಮೇಲಿನಿಂದ ಬಂತು. ಇಲ್ಲಿನ ಸಿಟ್ಟಿನ ಅರ್ಧ ಪಾಲು ಈ ವ್ಯತ್ಯಾಸದಲ್ಲೇ ಇದೆ ಎಂದು ನನಗನ್ನಿಸುತ್ತದೆ.

“ಉಪಗ್ರಹಕ್ಕೆ ಕಾಫಿ ತೋಟವೂ ಕಾಡೂ ಒಂದೇ”

ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಾಗಾಗಿಯೇ ಇದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದೆ.

ಸಮಿತಿ ಬಳಸಿದ್ದು ಭಾರತದ ದೂರಸಂವೇದಿ ಉಪಗ್ರಹಗಳ ಲಿಸ್-3 ಕ್ಯಾಮೆರಾದ ಚಿತ್ರಗಳನ್ನು. ಅದರಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 24 ಮೀಟರ್ ಉದ್ದ, 24 ಮೀಟರ್ ಅಗಲ. ಒಂದು ಎಕರೆಗೆ ಏಳು ಚುಕ್ಕೆ ಬಿದ್ದರೆ ಹೆಚ್ಚು. ಆ ಚುಕ್ಕೆಯೊಳಗೆ ಹಲಸು, ಅತ್ತಿ, ಹಾಲುವಾಣ, ಸಿಲ್ವರ್ ಓಕ್, ಅದರ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಮೂಲೆಯಲ್ಲಿ ಲೈನ್ ಮನೆಯ ಮಾಡು ಎಲ್ಲವೂ ಬೆರೆತು ಒಂದೇ ಬಣ್ಣವಾಗುತ್ತದೆ. ಕ್ಯಾಮೆರಾ ಕಾಣುವುದು ಮೇಲಿನ ಹಂದರವನ್ನು. ನೆರಳಿನ ಕೆಳಗಿರುವ ಕಾಫಿ ಅದಕ್ಕೆ ನೇರವಾಗಿ ಕಾಣುವುದಿಲ್ಲ. ಹಳೆಯ ದಟ್ಟ ನೆರಳಿನ ಅರೇಬಿಕಾ ತೋಟವನ್ನು ಪಕ್ಕದ ಕಾನಿನಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ.

ಇದಕ್ಕೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯ ವರದಿಗಳಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ಕ್ಕಿಂತ ಹೆಚ್ಚು ಮರದ ಹಂದರವಿರುವ ಯಾವ ಜಾಗವೂ ‘ಅರಣ್ಯ ಹೊದಿಕೆ’ಯೇ. ಜಾಗ ಯಾರದು, ಕೆಳಗೆ ಏನು ಬೆಳೆಯುತ್ತದೆ ಎಂಬುದು ಆ ಲೆಕ್ಕಕ್ಕೆ ಬೇಡ. ಆ ಪ್ರಕಾರ ಮೂಡಿಗೆರೆಯ ಕಾಫಿ ತೋಟಗಳೂ ಅರಣ್ಯ ಹೊದಿಕೆ. ಕರ್ನಾಟಕದಲ್ಲಿ ಕಾಡು ಹೆಚ್ಚಾಯಿತು ಎಂಬ ಸುದ್ದಿ ಓದುವಾಗ ನಮ್ಮ ಸಿಲ್ವರ್ ಓಕ್‌ಗೂ ಅದರಲ್ಲಿ ಪಾಲಿದೆ ಎಂದು ನೆನಪಿಟ್ಟುಕೊಂಡರೆ ಒಳ್ಳೆಯದು.

ಕಸ್ತೂರಿರಂಗನ್ ಸಮಿತಿಯ ಲೆಕ್ಕವೇ ಬೇರೆ. ಊರು, ಗದ್ದೆ, ತೋಟ, ಪ್ಲಾಂಟೇಶನ್‌ಗಳನ್ನು ‘ಸಾಂಸ್ಕೃತಿಕ ಭೂದೃಶ್ಯ’ ಎಂದು ಬೇರೆಯಾಗಿಟ್ಟು, ಉಳಿದ ನೈಸರ್ಗಿಕ ಭಾಗದಲ್ಲಿ ಜೀವವೈವಿಧ್ಯ ಹೆಚ್ಚಿರುವ, ತುಂಡಾಗದ ಜಾಗಗಳನ್ನು ಅದು ಹುಡುಕಿತು. ಅಂದರೆ ತೋಟವನ್ನು ಹೊರಗಿಡುವ ಪ್ರಯತ್ನ ನಡೆದಿತ್ತು. ಘಟ್ಟದ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆ ಹೊರಗೆ ಬಿತ್ತು ಕೂಡ.

ಹಾಗಿದ್ದ ಮೇಲೆ ಪಟ್ಟಾ ಇರುವ ತೋಟ ಪಟ್ಟಿಯೊಳಗೆ ಬಂದದ್ದು ಹೇಗೆ? ಇಲ್ಲಿ ಕ್ಯಾಮೆರಾದ ಕೆಲಸ ಮುಗಿದು ಮನುಷ್ಯರ ನಿಯಮ ಶುರುವಾಗುತ್ತದೆ. ಸಮಿತಿ ಗ್ರಾಮವನ್ನು ಘಟಕವಾಗಿ ತೆಗೆದುಕೊಂಡಿತು. ಒಂದು ಗ್ರಾಮದ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ಪ್ರದೇಶವಿದ್ದರೆ ಇಡೀ ಗ್ರಾಮವೇ ಒಳಗೆ. ಗುಡ್ಡದ ನೆತ್ತಿಯಲ್ಲಿ ಶೋಲಾ, ಹುಲ್ಲುಗಾವಲು, ರಿಸರ್ವ್ ಫಾರೆಸ್ಟ್, ಇಳಿಜಾರಿನಲ್ಲಿ ಕಾಫಿ, ಕಣಿವೆಯಲ್ಲಿ ಗದ್ದೆ, ಅಡಿಕೆ. ಬಲ್ಲಾಳರಾಯನದುರ್ಗದ ತಪ್ಪಲಿನಲ್ಲಿ, ಹೇಮಾವತಿ ಹುಟ್ಟುವ ಜಾವಳಿಯ ಸುತ್ತ, ಇಂಥ ಊರುಗಳೇ ಹೆಚ್ಚು. ನೆತ್ತಿಯ ಕಾಡಿನಿಂದಾಗಿ ಕಣಿವೆಯ ಗದ್ದೆಗೂ ಅದೇ ಹೆಸರು ಬರಬಹುದು. ಕ್ಯಾಮೆರಾ ಎಷ್ಟೇ ಚುರುಕಾದರೂ ಈ ಫಲಿತಾಂಶ ಬದಲಾಗುವುದಿಲ್ಲ. ಕಾಲು ಮೀಟರಿನಷ್ಟು ಸೂಕ್ಷ್ಮವಾಗಿ ಕಾಣುವ ಕಾರ್ಟೋಸ್ಯಾಟ್-3ರ ಚಿತ್ರ ಹಾಕಿ ಪ್ರತಿ ಕಾಫಿ ಗಿಡ ಎಣಿಸಿದರೂ ಶೇ 20ರ ನಿಯಮ ಹಾಗೇ ಇದ್ದರೆ ಊರು ಒಳಗೇ ಇರುತ್ತದೆ. ಜಗಳ ಆಡಬೇಕಾದದ್ದು ಗೆರೆ ಎಳೆದವರ ಜೊತೆ. ಹತ್ತು ವರ್ಷದಿಂದ ನಾವು ಕ್ಯಾಮೆರಾದ ಜೊತೆ ಆಡುತ್ತಿದ್ದೇವೆ.

“ಮೇಲಿಂದ ಈಗಲೂ ನೋಡ್ತಾ ಇದ್ದಾರೆ, ಒಂದು ಮರ ಕಡಿದರೂ ಗೊತ್ತಾಗುತ್ತೆ”

ಈ ಉಪಗ್ರಹಗಳು 800 ಕಿಲೋಮೀಟರ್‌ ಆಸುಪಾಸಿನ ಎತ್ತರದಲ್ಲಿ ಸೆಕೆಂಡಿಗೆ ಏಳು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹಾದುಹೋಗುತ್ತವೆ. ಲಿಸ್-3 ಅದೇ ಜಾಗದ ಮೇಲೆ ಮತ್ತೆ ಬರಲು 24 ದಿನ ಬೇಕು. ಬಂದ ದಿನ ಮೋಡವಿದ್ದರೆ ಆ ಸರದಿ ವ್ಯರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೋಡವಿಲ್ಲದ ದಿನ ಎಷ್ಟೆಂದು ಬಾಳೂರಿನವರಿಗೆ ಹೇಳಬೇಕಿಲ್ಲ. ಗೂಗಲ್ ಅರ್ಥ್‌ನಲ್ಲಿ ಕಾಣುವ ನಿಮ್ಮ ಮನೆಯೂ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಹಿಂದಿನದು. ಮೋಡ ತೂರಿ ನೋಡುವುದು ರೇಡಾರ್ ಮಾತ್ರ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ ಮತ್ತು ನಾಸಾದ ನಿಸಾರ್ ಅಂಥದ್ದು. ನೆಲ ಕುಸಿಯುವ, ಗುಡ್ಡ ಸರಿಯುವ ಸೂಚನೆ ಹಿಡಿಯುವುದು ಅದರ ಕೆಲಸಗಳಲ್ಲೊಂದು. ಗೂಢಚಾರನಿಗಿಂತ ಹೆಚ್ಚಾಗಿ ಅದು ನಮ್ಮ ಕಡೆಯ ಕೆಲಸಗಾರ.

“ದಿಶಾಂಕ್‌ನಲ್ಲಿ ತೋರಿಸಿದ್ದೇ ಗಡಿ”

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಉಪಯುಕ್ತ. ಆದರೆ ಅದು ಮಾಹಿತಿಗೆ ಮಾತ್ರ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಅತ್ತಿತ್ತ ಸರಿದಿರುತ್ತದೆ. ಬಯಲಿನಲ್ಲಿ ಐದಾರು ಮೀಟರ್ ಒಳಗೆ ಜಾಗ ಹೇಳುವ ಫೋನಿನ ಜಿಪಿಎಸ್ ಮರದ ಕೆಳಗೆ, ಕಣಿವೆಯಲ್ಲಿ ಇನ್ನಷ್ಟು ತಪ್ಪುತ್ತದೆ. ಬೇಲಿ ವಿಚಾರಕ್ಕೆ ಬಂದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರನ್ನೇ ಕರೆಸಬೇಕು. ಆ್ಯಪ್ ಹಿಡಿದುಕೊಂಡು ಪಕ್ಕದ ತೋಟದವರ ಮೇಲೆ ಹೋದರೆ ಉಳಿಯುವುದು ಮನಸ್ತಾಪ.

“ನಕ್ಷೆ ಸರ್ಕಾರದ್ದು, ಅದನ್ನು ನಾವು ಪರೀಕ್ಷಿಸೋಕಾಗಲ್ಲ”

ಇದು ಒಂದು ಕಾಲದಲ್ಲಿ ನಿಜವಾಗಿತ್ತು. ನಕ್ಷೆಗೆ ಅನುಮತಿ, ಚಿತ್ರಕ್ಕೆ ದುಡ್ಡು, ಸಾಫ್ಟ್‌ವೇರಿಗೆ ಲಕ್ಷಗಟ್ಟಲೆ. ಮೂರೂ ಈಗ ಹೋಗಿವೆ. 2021ರ ಫೆಬ್ರವರಿಯ ಮಾರ್ಗಸೂಚಿಯ ನಂತರ ಭಾರತೀಯರು ಬಹುತೇಕ ನಕ್ಷೆ ಕೆಲಸವನ್ನು ಮುಂಗಡ ಅನುಮತಿಯಿಲ್ಲದೆ ಮಾಡಬಹುದು. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಹಣವಿಲ್ಲದೆ ಸಿಗುತ್ತಿವೆ. ಯುರೋಪಿನ ಸೆಂಟಿನೆಲ್-2 ಹತ್ತು ಮೀಟರ್ ಸೂಕ್ಷ್ಮತೆಯಲ್ಲಿ, ಅಂದರೆ ಸಮಿತಿಯ ಕೈಯಲ್ಲಿದ್ದ ಚಿತ್ರಕ್ಕಿಂತ ಚೆನ್ನಾಗಿ, ಯಾರಿಗೆ ಬೇಕಾದರೂ ಕೊಡುತ್ತದೆ. ಅವನ್ನು ಹಾಕಿ ನೋಡಲು ಕ್ಯೂಜಿಐಎಸ್ ಇದೆ. ಮೂಡಿಗೆರೆಯಲ್ಲಿ ಕೂತು ಲೇಖಕ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದ ತಾಲ್ಲೂಕಿನಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವ ಹುಡುಗರು ಸಿಗದೇ ಇರಲಾರರು.

ಪರವಾನಗಿಯ ಬಗ್ಗೆಯೂ ತಪ್ಪು ತಿಳಿವಳಿಕೆಗಳಿವೆ. ಕ್ಯೂಜಿಐಎಸ್ ಜಿಪಿಎಲ್ ಪರವಾನಗಿಯಲ್ಲಿದೆ, ಹಾಗಾಗಿ ಅದರಲ್ಲಿ ತೋಟದ ನಕ್ಷೆ ಮಾಡಿದರೆ ಅದನ್ನು ಊರಿಗೆಲ್ಲ ಹಂಚಬೇಕು ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ. ಜಿಪಿಎಲ್‌ನ ಕಟ್ಟುಪಾಡು ಸಾಫ್ಟ್‌ವೇರಿನ ಮೂಲ ಕೋಡಿಗೆ, ಅದೂ ನೀವು ಅದನ್ನು ಬೇರೆಯವರಿಗೆ ಹಂಚಿದಾಗ. ನಿಮ್ಮ ನಕ್ಷೆ ನಿಮ್ಮದೇ. ಗೂಗಲ್ ಅರ್ಥ್‌ನದು ಉಲ್ಟಾ: ಬಳಸಲು ದುಡ್ಡಿಲ್ಲ, ಆದರೆ ಚಿತ್ರದ ಹಕ್ಕು ಬೇರೆಯವರದು. ಅದರ ಮೇಲೆ ಗೆರೆ ಎಳೆದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುವಂತಿಲ್ಲ. ಬೆಲೆ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಬಂತು ಅಂತಲ್ಲ, ಹಕ್ಕು ಬಿಟ್ಟುಕೊಟ್ಟರು ಅಂತಲೂ ಅಲ್ಲ.

“ನಮ್ಮನ್ನೆಲ್ಲ ಒಕ್ಕಲೆಬ್ಬಿಸ್ತಾರಂತೆ”

ವರದಿಯನ್ನು ಆಧರಿಸಿ ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ನಿಷೇಧವಾಗುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕಾರ್ಖಾನೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ, ದೊಡ್ಡ ಟೌನ್‌ಶಿಪ್. ಊರು ಖಾಲಿ ಮಾಡಿಸುವ ಮಾತು ಅದರಲ್ಲಿಲ್ಲ. ಇರುವ ಮನೆಯ ರಿಪೇರಿಗೂ ಆಸ್ತಿ ಪರಭಾರೆಗೂ ತಡೆಯಿಲ್ಲ.

ಆದರೂ ಈ ಭಯವನ್ನು ನಕ್ಕು ತಳ್ಳಿಹಾಕುವವರ ಜೊತೆ ನಾನಿಲ್ಲ. ಇದೇ ಚಿಕ್ಕಮಗಳೂರು ಜಿಲ್ಲೆಯಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳನ್ನು 2001–02ರಲ್ಲಿ ಹೊರಗೆ ತಂದು ಎಂ.ಸಿ. ಹಳ್ಳಿ ಮುಂತಾದ ಕಡೆ ನೆಲೆಗೊಳಿಸಲಾಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದ್ದವರ ಸ್ಥಳಾಂತರದ ಕಥೆ ಕಳಸದ ಕಡೆ ಎಲ್ಲರಿಗೂ ಗೊತ್ತು. ಬಗರ್‌ಹುಕುಂ ಸಕ್ರಮಕ್ಕೆ ಫಾರಂ 57 ಕೊಟ್ಟು ಕಾಯುತ್ತಿರುವವರು, ಅರಣ್ಯ ಕಾಯ್ದೆಯ ಸೆಕ್ಷನ್ 4ರ ಜಾಗ, ಡೀಮ್ಡ್ ಫಾರೆಸ್ಟ್, ಒತ್ತುವರಿ ತೋಟವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ಕಾಯ್ದೆ, ಇವು ಒಂದೊಂದೂ ಬೇರೆ ಬೇರೆ ಕಾನೂನು, ಬೇರೆ ಬೇರೆ ಇಲಾಖೆ. ತೆರವಿನ ನೋಟಿಸ್ ಬಂದರೆ ಅದು ಇವುಗಳಲ್ಲೊಂದರ ಕೆಳಗೆ ಬರುತ್ತದೆ. ಆದರೆ ನೋಟಿಸ್ ಹಿಡಿದು ನಿಂತ ಒಂದೂವರೆ ಎಕರೆಯ ರೈತನಿಗೆ ಎಲ್ಲವೂ ಸೇರಿ ಒಂದೇ ಹೆಸರಾಗಿದೆ: ಕಸ್ತೂರಿರಂಗನ್. ರಾಜಕಾರಣಿಗಳಿಗೂ ಇದು ಅನುಕೂಲ. ಡೀಮ್ಡ್ ಫಾರೆಸ್ಟ್ ಲೆಕ್ಕ ಸರಿಮಾಡುವುದು ರಾಜ್ಯದ ಕೆಲಸ, ಅದಕ್ಕೆ ಉತ್ತರ ಕೊಡಬೇಕು. ಕಸ್ತೂರಿರಂಗನ್ ಹೆಸರು ಹೇಳಿದರೆ ಬೆರಳು ದೆಹಲಿಯ ಕಡೆ ತಿರುಗುತ್ತದೆ.

“ರಾಜ್ಯ ಸಂಪುಟ ತಿರಸ್ಕರಿಸಿತಲ್ಲ, ಅಲ್ಲಿಗೆ ಮುಗೀತು”

2024ರ ಸೆಪ್ಟೆಂಬರ್ 26ರಂದು ಸಂಪುಟ ವರದಿಯನ್ನು ತಿರಸ್ಕರಿಸಿದ್ದು ಹೌದು. ಆದರೆ ಅಧಿಸೂಚನೆ ಬರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ, ಅಧಿಕಾರ ಕೇಂದ್ರದ್ದು. ರಾಜ್ಯದ ಮಾತಿಗೆ ತೂಕವಿದೆ, ತಡೆಯುವ ಹಕ್ಕಿಲ್ಲ. ಮೊದಲ ಕರಡು ಬಂದಿದ್ದು 2014ರ ಮಾರ್ಚ್‌ನಲ್ಲಿ. ಗಡುವು ಮುಗಿದಂತೆಲ್ಲ ಹೊಸದಾಗಿ ಹೊರಡಿಸುತ್ತ, ಆರನೆಯದು 2024ರ ಜುಲೈ 31ರಂದು, ವಯನಾಡಿನ ಗುಡ್ಡ ಕುಸಿದ ಮರುದಿನ ಬಂತು. ಬರೀ ಕರಡು ತಾನೇ ಎನ್ನುವವರು 2013ರ ನವೆಂಬರ್ 13ರ ಸಚಿವಾಲಯದ ನಿರ್ದೇಶನವನ್ನು ಮರೆಯುತ್ತಾರೆ. ಗಣಿ, ಕ್ವಾರಿ, ದೊಡ್ಡ ಕಟ್ಟಡಗಳ ಮೇಲಿನ ತಡೆ ಅಂದೇ ಜಾರಿಗೆ ಬಂತು.

“ವರದಿ ಜಾರಿಯಾಗಿದ್ದರೆ ಗುಡ್ಡ ಜಾರುತ್ತಿರಲಿಲ್ಲ”

ಇದು ಬೆಂಗಳೂರಿನ ಕಡೆಯಿಂದ ಬರುವ ಮಾತು. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ, ಗದ್ದೆ ಹೋದಾಗಲೂ ಕೇಳಿಬಂತು. ಕಟ್ಟಡಗಳಿಗೆ ಹಾಕಿದ 20,000 ಚದರ ಮೀಟರ್ ಮಿತಿ ಅಂದರೆ ಎರಡು ಲಕ್ಷ ಚದರ ಅಡಿಗೂ ಹೆಚ್ಚು. ಜೆಸಿಬಿ ತಂದು ಇಳಿಜಾರು ಕೊರೆದು ಕಟ್ಟುವ ಹೋಂಸ್ಟೇ, ಅದರ ಪಕ್ಕದ ಈಜುಕೊಳ, ಅದಕ್ಕೆ ಹೋಗುವ ರಸ್ತೆ, ಒಂದೂ ಈ ನಿಷೇಧದ ಹತ್ತಿರಕ್ಕೂ ಬರುವುದಿಲ್ಲ. ಕ್ವಾರಿ ನಿಂತರೆ ಒಳ್ಳೆಯದೇ. ಆದರೆ ಕೆಲವೇ ದಿನಗಳಲ್ಲಿ ಸುರಿವ ಅತಿಮಳೆಗೂ ನೀರಿನ ದಾರಿ ಮುಚ್ಚಿದ ಮಣ್ಣಿಗೂ ಈ ಪಟ್ಟಿಯಲ್ಲಿ ಮದ್ದಿಲ್ಲ.

ಕೂಗಾಟದ ಜೊತೆಗೆ ನಾವೇನು ಮಾಡಬಹುದಿತ್ತು ಎಂಬುದಕ್ಕೆ ಪಕ್ಕದಲ್ಲೇ ಉದಾಹರಣೆಯಿದೆ. ಕೇರಳದವರು ಇದೇ ವರದಿಯ ವಿರುದ್ಧ ನಮಗಿಂತ ಜೋರಾಗಿ ಕೂಗಿದರು. ಕೂಗುತ್ತಲೇ ಸಮಿತಿ ಮಾಡಿ ನೆಲಕ್ಕಿಳಿದು, ಊರು, ಕೃಷಿ, ಪ್ಲಾಂಟೇಶನ್‌ಗಳನ್ನು ಗೆರೆಯಿಂದ ಹೊರಗೆ ಹಾಕಿದ ನಕ್ಷೆ ಕೊಟ್ಟರು. ಅವರ ಪಾಲು 13,108 ಚದರ ಕಿಲೋಮೀಟರ್‌ನಿಂದ 9,993.7ಕ್ಕೆ ಇಳಿಯಿತು, ಮತ್ತು 2014ರ ಕರಡಿನಲ್ಲೇ ಆ ಅಂಕಿ ಬಂತು. ಕರ್ನಾಟಕದ್ದು ಮೊದಲ ಕರಡಿನಲ್ಲಿ 20,668 ಚದರ ಕಿಲೋಮೀಟರ್. ಆರನೆಯದರಲ್ಲೂ 20,668.