ಸಾವಿನ ಸರಾಸರಿ

1842ರಲ್ಲಿ ಎಡ್ವಿನ್ ಚಾಡ್ವಿಕ್ ಎಂಬಾತನು ಬ್ರಿಟನ್ನಿನ ಶ್ರಮಜೀವಿಗಳ ಆರೋಗ್ಯಸ್ಥಿತಿಯನ್ನು ಕುರಿತು ಪ್ರಸಿದ್ಧವಾದ ವರದಿಯೊಂದನ್ನು ಹೊರಡಿಸಿದನು. ಅದರಲ್ಲಿ ಲಿವರ್‌ಪೂಲ್ ನಗರಕ್ಕೆ ಸಂಬಂಧಿಸಿದ ಮೂರು ಅಂಕಿಗಳಿವೆ. ಸತ್ತವರ ಸರಾಸರಿ ವಯಸ್ಸು ಸ್ಥಿತಿವಂತರಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15!

ಹಾಗಾದರೆ ಅಲ್ಲಿನ ಕೂಲಿಕಾರರೆಲ್ಲರೂ ಮೀಸೆ ಮೂಡುವ ಮುನ್ನವೇ ಸಾಯುತ್ತಿದ್ದರೇ? ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು ಯಾರು? ಸರಾಸರಿಯು ಹುಟ್ಟುವ ಬಗೆಯನ್ನು ನೋಡಿದರೆ ಈ ಒಗಟು ಬಿಡುತ್ತದೆ. ಹತ್ತು ಮಂದಿಯಲ್ಲಿ ಆರು ಮಂದಿ 1ನೆಯ ವಯಸ್ಸಿನಲ್ಲಿಯೂ ಉಳಿದ ನಾಲ್ವರು 36ರಲ್ಲಿಯೂ ಸತ್ತರೆಂದು ಭಾವಿಸೋಣ. ಒಟ್ಟು 150 ವರ್ಷ, ಸರಾಸರಿ 15. ಆದರೆ ಹದಿನೈದರಲ್ಲಿ ಸತ್ತವನು ಒಬ್ಬನೂ ಇಲ್ಲ. ಇದು ಬರಿಯ ಕಲ್ಪನೆಯಲ್ಲ. ಲಿವರ್‌ಪೂಲಿನ ಕೂಲಿಕಾರರ ಮನೆಗಳಲ್ಲಿ ಸಂಭವಿಸಿದ ಸಾವುಗಳ ಪೈಕಿ ನೂರಕ್ಕೆ 62 ಐದು ವರ್ಷ ತುಂಬದ ಮಕ್ಕಳವೆಂದು ಅದೇ ವರದಿ ತಿಳಿಸುತ್ತದೆ.

ಈ ಲೆಕ್ಕದಲ್ಲಿ ಇನ್ನೊಂದು ದೋಷವುಂಟು. ಮಕ್ಕಳು ಹೆಚ್ಚಾಗಿರುವ ಊರಿನಲ್ಲಿ, ಅದು ಎಷ್ಟೇ ಆರೋಗ್ಯಕರವಾಗಿದ್ದರೂ, ಸತ್ತವರ ಸರಾಸರಿ ವಯಸ್ಸು ಇಳಿಯುತ್ತದೆ. ವಿಮಾಗಣಿತಜ್ಞನಾದ ನೀಸನ್ 1844ರಲ್ಲಿ ಈ ಆಕ್ಷೇಪವನ್ನೆತ್ತಿದನು. ಸತ್ತವರನ್ನು ಮಾತ್ರ ಎಣಿಸಿದರೆ ಸಾಲದು. ಆಯಾ ವಯಸ್ಸಿನಲ್ಲಿ ಬದುಕಿರುವವರ ಸಂಖ್ಯೆಯೊಡನೆ ಹೋಲಿಸಬೇಕು. 1837ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಜನನಮರಣಗಳ ನೋಂದಣಿಯನ್ನೂ ಜನಗಣತಿಯನ್ನೂ ಆಧರಿಸಿ ವಿಲಿಯಂ ಫಾರ್ ಹೀಗೆಯೇ ಆಯುಷ್ಯದ ಕೋಷ್ಟಕಗಳನ್ನು ರಚಿಸಿದನು. ಅವುಗಳ ಪ್ರಕಾರ ಹುಟ್ಟಿದ ಶಿಶುವಿನ ನಿರೀಕ್ಷಿತ ಆಯುಷ್ಯ ಸರ್ರೆ ಪ್ರಾಂತದಲ್ಲಿ 45 ವರ್ಷ. ಲಿವರ್‌ಪೂಲಿನಲ್ಲಿ ಕೇವಲ 26. ಲೆಕ್ಕವನ್ನು ತಿದ್ದಿದ ಮೇಲೆಯೂ ನಗರದ ಕಳಂಕ ಅಳಿಯಲಿಲ್ಲ.

ಕಾರಣಗಳು ದೂರದಲ್ಲಿರಲಿಲ್ಲ. ಗಾಳಿಬೆಳಕು ಕಾಣದ ನೆಲಮಾಳಿಗೆಗಳಲ್ಲಿ ಸಾವಿರಾರು ಕುಟುಂಬಗಳು ವಾಸಿಸುತ್ತಿದ್ದುವು. 1847ರಲ್ಲಿ ಡಾಕ್ಟರ್ ಡಂಕನ್ ಬ್ರಿಟನ್ನಿನ ಮೊದಲ ನಗರಾರೋಗ್ಯಾಧಿಕಾರಿಯಾಗಿ ಅಲ್ಲಿ ನೇಮಕಗೊಂಡನು. ಅದೇ ವರ್ಷ ಐರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡ ಸುಮಾರು ಮೂರು ಲಕ್ಷ ಜನ ಬಂದಿಳಿದರು. ಟೈಫಸ್ ಜ್ವರ ನಗರವನ್ನು ಮುತ್ತಿತು.

ಕೊಳೆತ ವಸ್ತುಗಳಿಂದೇಳುವ ದುರ್ವಾಯುವೇ ರೋಗಕ್ಕೆ ಮೂಲವೆಂದು ಚಾಡ್ವಿಕ್, ಡಂಕನ್ ಇಬ್ಬರೂ ನಂಬಿದ್ದರು. ಅದು ತಪ್ಪು. ಟೈಫಸ್ಸನ್ನು ಹರಡುವುದು ಹೇನು ಎಂದು 1909ರಲ್ಲಿ ನಿಕೊಲ್ ತೋರಿಸಿಕೊಟ್ಟನು. ಕಾಲರಾ ಮಲಿನಜಲದಿಂದ ಹರಡುತ್ತದೆ. ಆದರೂ ದುರ್ವಾಸನೆಯನ್ನು ಅಟ್ಟಲೆಂದು ಎಂಜಿನಿಯರ್ ನ್ಯೂಲೆಂಡ್ಸ್ ನಿರ್ಮಿಸಿದ ಒಳಚರಂಡಿಗಳು ವಾಸನೆಯೊಡನೆ ರೋಗಾಣುಗಳನ್ನೂ ಕೊಂಡೊಯ್ದುವು. 1857ರಲ್ಲಿ ರಿವಿಂಗ್ಟನ್ ಜಲಾಶಯಗಳ ನೀರೂ ನಗರಕ್ಕೆ ಬಂದಿತು.

ಇಂದು ಶಿಶುಮರಣವನ್ನು ಪ್ರತಿ ಸಾವಿರ ಸಜೀವ ಜನನಗಳಿಗೆ ಇಷ್ಟೆಂದು ಪ್ರತ್ಯೇಕವಾಗಿಯೇ ಎಣಿಸುತ್ತೇವೆ. ಹದಿನೈದೆಂಬ ಆ ಒಂದು ಅಂಕಿಯಲ್ಲಿ ಅಡಗಿಹೋಗಿದ್ದ ಹಸುಗೂಸುಗಳು ಈ ಎಣಿಕೆಯಲ್ಲಿ ನಮ್ಮ ಕಣ್ಣಿಗೆ ಬೀಳುತ್ತವೆ.