ಮೆಲುಗೈಯ ಚಿಕಿತ್ಸೆ

ತಲೆನೋವಿನಿಂದ ಬಳಲುವವರ ನೆತ್ತಿಯ ಮೇಲೆ ಮೆಲ್ಲನೆ ಕೈಯಿರಿಸಿದರೆ ಹಾಯೆನಿಸುವುದನ್ನು ನಾವೆಲ್ಲರೂ ಬಲ್ಲೆವು. ಅಮೆರಿಕದಲ್ಲಿ ಇಂತಹ ಮೃದುಸ್ಪರ್ಶವೇ ಒಂದು ಚಿಕಿತ್ಸೆಯಾಗಿ ಬೆಳೆದಿರುವುದು. ತಲೆಬುರುಡೆಯ ಎಲುಬುಗಳು ಸೂಕ್ಷ್ಮವಾಗಿ ಚಲಿಸುವುವೆಂದು ಪ್ರತಿಪಾದಿಸಿ ವಿಲಿಯಂ ಸದರ್ಲೆಂಡ್ ಎಂಬ ವೈದ್ಯರು 1939ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 1970ರ ದಶಕದಲ್ಲಿ ಜಾನ್ ಅಪ್ಲೆಡ್ಜರ್ ಅದರಿಂದ ‘ಕ್ರೇನಿಯೋಸೇಕ್ರಲ್’ ಚಿಕಿತ್ಸೆಯನ್ನು ರೂಪಿಸಿದರು. ಚಿಕಿತ್ಸಕರು ತಲೆಯನ್ನೂ ಬೆನ್ನಿನ ಬುಡವನ್ನೂ ಸುಮಾರು 5 ಗ್ರಾಂ ತೂಕದಷ್ಟೇ ಹಗುರವಾಗಿ ಮುಟ್ಟಿ, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ದ್ರವದ ಲಯವನ್ನು ಅರಸುವರು. ಆದರೆ 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದೇ ರೋಗಿಗಳನ್ನು ಮುಟ್ಟಿ ಮೂವರು ಎಣಿಸಿದ ಲಯಗಳು ಒಂದಕ್ಕೊಂದು ಹೊಂದಲಿಲ್ಲ. ಮೈಮನಗಳಿಗೆ ವಿಶ್ರಾಂತಿ ದೊರೆಯಬಹುದು. ರೋಗವು ಗುಣವಾಗುವುದೆಂಬುದಕ್ಕೆ ದೃಢವಾದ ಪ್ರಮಾಣವಿಲ್ಲ. ಆದುದರಿಂದ ಹಠಾತ್ತನೆ ಬಂದ ತೀವ್ರ ತಲೆನೋವು, ಜ್ವರದೊಡನೆ ಕತ್ತಿನ ಬಿಗಿತ, ತಲೆಗೆ ಬಿದ್ದ ಪೆಟ್ಟು ಇವುಗಳಿಗೆ ಮೊದಲು ವೈದ್ಯರನ್ನೇ ಕಾಣತಕ್ಕುದು. ಎಳೆಗೂಸಿನ ನೆತ್ತಿಯನ್ನಂತು ಎಂದಿಗೂ ಒತ್ತಲಾಗದು.